ಇಲ್ಲ ಎಂದವರು ಯಾರು

“ಕೈ ಹಿಂದೆ ಕಟ್ಕೊಂಡು ಕೂತ್ಕೋ. ನಿನ್ನ ಬೆರಳು ಕೀಬೋರ್ಡಿಗೆ ತಾಗಿದ್ರೆ ನಾನು ಕೊಟ್ಟ ಮಾತು ನೀರುಪಾಲು,” ಎಂದಳು ಅತ್ತಿಗೆ.

ಮೈದುನ ಕೈ ಹಿಂದೆ ಕಟ್ಟಿಕೊಂಡ. ಆಳು ನೋಡಿದರೆ ಬಾಗಿಲಿನ ಎತ್ತರ. ಮುಖ ಮಾತ್ರ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಮಗುವಿನದು. ನಕಲು ಮಾಡದೆಯೇ ಸಿಕ್ಕಿಬಿದ್ದವನು ಪಾಪ, ಅದೇ ಅವನ ಸಂಕಟ. ಇಷ್ಟು ವರ್ಷ ಈ ಕಾರ್ಯಾಗಾರದ ಕಂಪ್ಯೂಟರುಗಳನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವನು ಈಗ ಅವುಗಳಲ್ಲಿ ಒಂದನ್ನೂ ಮುಟ್ಟುವಂತಿರಲಿಲ್ಲ. ಅವನು ಬಾಯಲ್ಲಿ ಹೇಳಬೇಕು, ಅತ್ತಿಗೆ ಟೈಪ್ ಮಾಡಬೇಕು. ಅದು ಯಜಮಾನಮ್ಮನ ಕಟ್ಟಪ್ಪಣೆ.

ಹಿಂದೆ ನಡೆದದ್ದು ಇಷ್ಟು: ಕೃತಕ ಕಾಲು ಮಾಡುವ ಈ ಕಾರ್ಯಾಗಾರದಲ್ಲಿ ಬಂದುಹೋದ ಪ್ರತಿಯೊಬ್ಬರ ಕಾಲಿನ ಅಚ್ಚೂ ಕಂಪ್ಯೂಟರಿನಲ್ಲಿತ್ತು, ಒಂದು ಬೆಳಿಗ್ಗೆ ನೋಡಿದರೆ ಒಂದೂ ಕಾಣಲಿಲ್ಲ, ಎಲ್ಲವನ್ನೂ ಅಳಿಸಿಹಾಕಿದವನು ಮೈದುನನೇ ಎಂದು ಊರೆಲ್ಲ ಆಡಿಕೊಂಡಿತು. ಇವತ್ತು ಸಂಜೆ ಕೆಲಸ ಬಿಡುವ ಹೊತ್ತಿಗೆ ನಿಜ ಹೊರಬೀಳದಿದ್ದರೆ ಯಜಮಾನಮ್ಮ ಪೊಲೀಸರಿಗೆ ದೂರು ಕೊಡುತ್ತಾಳೆ. ಆಮೇಲೆ ಅವನನ್ನು ಯಾರೂ ಯಾವ ಕಂಪ್ಯೂಟರಿನ ಹತ್ತಿರವೂ ಸೇರಿಸುವುದಿಲ್ಲ.

ಅತ್ತಿಗೆ ವಿಮಾ ಕಂಪನಿಗೆ ತನಿಖೆ ಮಾಡಿ ಮಾಡಿ ಪಳಗಿದ ಕೈ. ತಾನಾಗಿ ಹೊತ್ತಿಕೊಂಡ ಗೋದಾಮು, ನಿಂತ ನೀರಿನಲ್ಲಿ ಮುಳುಗಿದ ದೋಣಿ, ಸತ್ತೆನೆಂದು ಕಾಗದ ಕಳಿಸಿ ಪಕ್ಕದ ಊರಲ್ಲಿ ಇನ್ನೊಂದು ಮದುವೆಯಾದ ಗಂಡ, ಇಂಥವನ್ನೆಲ್ಲ ಹೊರಗೆಳೆದವಳು. ಕೆಳಗಿನ ಕೆಲಸದ ಮನೆಗೆ ಹಿಂದೊಮ್ಮೆ ಬೆಂಕಿ ಬಿದ್ದಾಗ ಯಜಮಾನಮ್ಮ ನಿರಪರಾಧಿ ಎಂದು ಬರೆದುಕೊಟ್ಟವಳೂ ಅವಳೇ. ಆ ಋಣಕ್ಕೆ ಈ ಒಂದು ದಿನ ದಕ್ಕಿತ್ತು. ಕಂಪ್ಯೂಟರ್ ಅವಳಿಗೆ ಬರುತ್ತಿತ್ತೇ ಎಂದರೆ, ಕಾಗದ ಪತ್ರ ಬರೆಯುವಷ್ಟು ಬರುತ್ತಿತ್ತು. ಆದರೆ ಸುಳ್ಳು ಎಲ್ಲಿ ಅಡಗಿ ಕೂತರೂ ಅವಳ ಮೂಗಿಗೆ ಬಡಿಯುತ್ತಿತ್ತು.

“ನಂಗೆ ಮೊದಲಿಂದ ತೋರಿಸು. ಆ ದಿನ ಬೆಳಿಗ್ಗೆ ಎಲ್ಲರೂ ಏನು ನೋಡಿದ್ರು?” ಎಂದಳು.

ಅವನು ಹೇಳಿದ ಹಾಗೆ ಅವಳು ಕಾಲು ವಿನ್ಯಾಸ ಮಾಡುವ ಪ್ರೋಗ್ರಾಂ ತೆರೆದಳು. ಈಜು ಕಲಿಸುವ ಟೀಚರೊಬ್ಬರ ಹೆಸರು ಆರಿಸಿದಳು. ಪರದೆಯ ನಡುವೆ ಒಂದು ಪುಟ್ಟ ಚೌಕ ಎದ್ದು ಬಂತು. ‘ಅಚ್ಚು ಸಿಗಲಿಲ್ಲ’ ಎಂದಿತು.

ಆ ಮಾತು ಓದಿಯೇ ಅಂದು ಇಡೀ ಕಾರ್ಯಾಗಾರ ತಲೆಯ ಮೇಲೆ ಕೈಹೊತ್ತು ಕೂತದ್ದು. ಹೊರಗಿನಿಂದ ಕರೆಸಿದ ಎಂಜಿನಿಯರ್ ಬೇರೆ ಬೇರೆ ಹೆಸರು ಒತ್ತಿ ನೋಡಿ, ಎಲ್ಲದಕ್ಕೂ ಇದೇ ಚೌಕ ಬಂದಾಗ, ಯಾರೋ ಅಳಿಸಿಬಿಟ್ಟಿದ್ದಾರೆ, ಬ್ಯಾಕಪ್ ಎಲ್ಲಿ ಎಂದು ಕೇಳಿದ್ದ. ಬ್ಯಾಕಪ್ ಡಿಸ್ಕ್ ಕೆಟ್ಟು ಕೂತು ಬಹಳ ಕಾಲವಾಗಿತ್ತು. ಹೊಸದು ಬೇಕೆಂದು ಮೈದುನ ಬಾಯಿ ನೋಯುವಷ್ಟು ಕೇಳಿದ್ದ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಎಂಜಿನಿಯರ್ ಕೈತೊಳೆದುಕೊಂಡು ಹೋದ. ಅಷ್ಟರಲ್ಲಿ ಯಜಮಾನಮ್ಮ ಮೈದುನನ ಪಾಸ್‌ವರ್ಡ್ ಕಿತ್ತುಕೊಂಡು ಹೊಸದು ಹಾಕಿಸಿ, ಅದನ್ನು ತನ್ನೊಬ್ಬಳಲ್ಲೇ ಇಟ್ಟುಕೊಂಡಿದ್ದಳು. ಒಂದು ಸಲ ಒಳಗೆ ಇಣುಕಿ ನೋಡುವ ಅವಕಾಶವೂ ಅವನಿಗೆ ಸಿಕ್ಕಿರಲಿಲ್ಲ.

“ಸಿಗಲಿಲ್ಲ ಅಂತ ಹೇಳ್ತಿರೋದು ಯಾರು?” ಎಂದು ಕೇಳಿದಳು ಅತ್ತಿಗೆ.

“ಪ್ರೋಗ್ರಾಂ.”

“ಅದಕ್ಕೆ ಹೇಳಿದ್ದು ಯಾರು?”

ಮೈದುನ ಕೈಬಿಡಿಸಿಕೊಂಡು ತೋರಿಸಲು ಹೊರಟು, ಮತ್ತೆ ನೆನಪಾಗಿ ಕಟ್ಟಿಕೊಂಡ. “ಪ್ರೋಗ್ರಾಂ ತಾನಾಗಿ ಹೋಗಿ ಏನೂ ಹುಡುಕಲ್ಲ ಅತ್ತಿಗೆ. ಅದಕ್ಕೆ ಡಿಸ್ಕ್ ಮುಟ್ಟೋ ಅಧಿಕಾರವೇ ಇಲ್ಲ, ಈಗ ನನಗಿಲ್ವಲ್ಲ ಹಾಗೆ. ಅದು ಆಪರೇಟಿಂಗ್ ಸಿಸ್ಟಮ್‌ಗೆ ಒಂದು ಕರೆ ಕೊಡುತ್ತೆ. ಇಗೋ ದಾರಿ, ಈ ದಾರೀಲಿ ಹೋಗಿ ಕೊನೇಲಿರೋ ಫೈಲ್ ತೆಗೆದುಕೊಡು ಅಂತ. ಸಿಸ್ಟಮ್ ಕಾಲ್ ಅಂತಾರೆ ಇದನ್ನ.”

ದಾರಿ ಎಂದರೇನು ಎಂದು ಅವಳು ಕೇಳಿದಳು, ಅವನು ತಾಳ್ಮೆಯಿಂದ ವಿವರಿಸಿದ. ಫೈಲಿನ ದಾರಿಯೆಂದರೆ ವಿಳಾಸ. ಮೊದಲು ಎಲ್ಲಕ್ಕೂ ಮೂಲವಾದ ಬೇರು, ಅದರೊಳಗೆ ‘ಕೆಲಸ’ ಎಂಬ ಫೋಲ್ಡರ್, ಅದರೊಳಗೆ ‘ಅಚ್ಚು’, ಅದರೊಳಗೆ ‘ಎಡಗಾಲು’, ಅದರೊಳಗೆ ಟೀಚರ ಅಚ್ಚು. ಆಪರೇಟಿಂಗ್ ಸಿಸ್ಟಮ್ ಹಾರಿ ಕೊನೆಗೆ ಹೋಗುವುದಿಲ್ಲ. ಬೇರಿನಿಂದ ಹೊರಟು ಒಂದೊಂದೇ ಫೋಲ್ಡರ್ ದಾಟುತ್ತದೆ. ಪ್ರತಿ ಫೋಲ್ಡರಿನ ಬಾಗಿಲಲ್ಲೂ ಎರಡು ವಿಚಾರಣೆ: ಕೇಳುತ್ತಿರುವವರಿಗೆ ಇಲ್ಲಿ ಒಳಗೆ ಹೋಗಲು ಅನುಮತಿಯಿದೆಯೇ? ಮುಂದಿನ ಹೆಸರು ಇದರೊಳಗೆ ಇದೆಯೇ? ಎರಡಕ್ಕೂ ಹೌದು ಎಂದರೆ ಮುಂದಕ್ಕೆ, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು.

ಅತ್ತಿಗೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಅವಳು ಹಾಗೆ ಮಾಡಿದಳೆಂದರೆ ಏನೋ ತಲೆಗೆ ಹತ್ತಿದೆ ಎಂದು ಮನೆಯವರಿಗೆಲ್ಲ ಗೊತ್ತು.

“ಎರಡು ವಿಚಾರಣೆ ಅಂದ್ಮೇಲೆ ನಿಲ್ಲಿಸೋಕೂ ಎರಡು ಕಾರಣ ಇರ್ಬೇಕಲ್ಲ? ಅಂಥ ಹೆಸರೇ ಇಲ್ಲ ಅನ್ನೋದು ಒಂದು. ನಿನ್ನನ್ನ ಒಳಗೆ ಬಿಡಲ್ಲ ಅನ್ನೋದು ಇನ್ನೊಂದು. ಇದು ಯಾವುದಕ್ಕೆ ಸಿಗಲಿಲ್ಲ ಅಂತಿದೆ?”

ಮೈದುನ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡ. ಆಪರೇಟಿಂಗ್ ಸಿಸ್ಟಮ್ ಎರಡು ಬೇರೆ ಬೇರೆ ಉತ್ತರ ಕೊಡುತ್ತದೆ, ನಿಜ. ಆದರೆ ಈ ಪ್ರೋಗ್ರಾಂ ಬರೆದ ಪುಣ್ಯಾತ್ಮ ಎರಡಕ್ಕೂ ಸೇರಿಸಿ ಒಂದೇ ಚೌಕ ಮಾಡಿಟ್ಟಿದ್ದ. ಯಾವ ಉತ್ತರ ಬಂದರೂ ‘ಸಿಗಲಿಲ್ಲ’. ಅದನ್ನೇ ಎಲ್ಲರೂ ‘ಇಲ್ಲ’ ಎಂದು ಓದಿಕೊಂಡಿದ್ದರು. ನೋಡಿ, ಒಬ್ಬ ಸೋಮಾರಿ ಎಲ್ಲೋ ಕೂತು ಮಾಡಿದ ಕೆಲಸಕ್ಕೆ ಇನ್ನೊಬ್ಬ ಇಲ್ಲಿ ಜೈಲಿನ ಬಾಗಿಲಿಗೆ ಬಂದು ನಿಂತಿದ್ದ.

ಪ್ರೋಗ್ರಾಂ ಕೊಡುವ ಕರೆಗಳನ್ನೂ ಅದಕ್ಕೆ ಬರುವ ಉತ್ತರಗಳನ್ನೂ ಕದ್ದು ಕೇಳುವ ಉಪಾಯವೊಂದಿದೆ ಎಂದ ಮೈದುನ. ಅವನು ಅಕ್ಷರ ಅಕ್ಷರವಾಗಿ ಹೇಳಿದ, ಅವಳು ಒಂದೇ ಬೆರಳಲ್ಲಿ ಕುಟ್ಟಿದಳು. ಒಂದು ಕಡೆ ಅಂತರ ಬಿಡುವುದನ್ನು ಮರೆತಳು, ಇನ್ನೊಂದು ಕಡೆ ಬೇಡದಲ್ಲಿ ಬಿಟ್ಟಳು. ಅವನು ಕುರ್ಚಿಯಲ್ಲೇ ಮಿಸುಕಾಡಿ, ಹಲ್ಲು ಕಚ್ಚಿ, ಒಮ್ಮೆಯಂತೂ ಮೂಗಿನಿಂದಲೇ ಕೀಲಿ ಒತ್ತಲು ಬಗ್ಗಿದ. ಅವಳು ಅವನ ಹಣೆ ಹಿಡಿದು ಹಿಂದಕ್ಕೆ ತಳ್ಳಿದಳು.

ಕೊನೆಗೆ ಪರದೆಯ ತುಂಬ ಸಾಲುಗಳು ಸುರಿದವು. ಅವಳ ಪಾಲಿಗೆ ಅದು ಇರುವೆ ಸಾಲು. ಅವನು ಮಾತ್ರ ಒಂದು ಸಾಲಿಗೆ ಗದ್ದ ಚಾಚಿ ತೋರಿಸಿದ. ಅದರಲ್ಲಿ ಟೀಚರ ಅಚ್ಚಿನ ಪೂರ್ತಿ ದಾರಿಯಿತ್ತು. ದಾರಿಯ ಕೊನೆಗೆ ಉತ್ತರ: ಅನುಮತಿ ಇಲ್ಲ.

“ಅತ್ತಿಗೆ,” ಎಂದ. “ಅಚ್ಚು ಇಲ್ಲ ಅಂತ ಯಾರೂ ಹೇಳೇ ಇಲ್ಲ. ನಡುವೆ ಎಲ್ಲೋ ಒಂದು ಫೋಲ್ಡರ್ ಒಳಗೆ ಬಿಟ್ಟಿಲ್ಲ, ಅಷ್ಟೇ. ಇದೆಯೋ ಇಲ್ವೋ ಅಂತ ನೋಡೋ ತನಕ ಯಾರೂ ಹೋಗೇ ಇಲ್ಲ.”

ಅವಳಿಗೆ ಎದ್ದು ಕುಣಿಯಬೇಕೆನಿಸಿತು. ಕುಣಿಯಲಿಲ್ಲ. ಬಾಗಿಲು ಹಾಕಿದ ಮನೆಯಲ್ಲಿ ಜನರಿದ್ದೇ ಇರುತ್ತಾರೆಂದು ಹೇಳಲಾಗದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಅರ್ಧ ಇಳಿಯಿತು, ಹಸಿವಾಗುತ್ತಿದೆ ಎಂಬುದೂ ಆಗಲೇ ಗೊತ್ತಾಯಿತು. ಮೈದುನನಿಗೆಂದು ಮನೆಯಿಂದ ತಂದ ಡಬ್ಬಿ ಬಿಚ್ಚಿ ಇಬ್ಬರೂ ಹಂಚಿಕೊಂಡು ತಿಂದರು. ಅವನ ಕೈ ಕೀಬೋರ್ಡಿನ ಹತ್ತಿರ ಹೋಗದಂತೆ ಅವಳೇ ತುತ್ತು ಮಾಡಿ ಕೊಟ್ಟಳು. ಅವನಿಗೆ ನಾಚಿಕೆಯಾಯಿತು, ಹಸಿವು ಅದಕ್ಕಿಂತ ಜೋರಾಗಿತ್ತು.

ಈಗ ಯಾವ ಬಾಗಿಲು ಎಂಬುದು ತಿಳಿಯಬೇಕಿತ್ತು. ಅದಕ್ಕೂ ಒಂದು ಅಪ್ಪಣೆಯಿದೆ ಎಂದ. ದಾರಿಯನ್ನು ಕೊಟ್ಟರೆ ಅದು ಬೇರಿನಿಂದ ಹೊರಟು, ಹೆಜ್ಜೆ ಹೆಜ್ಜೆಗೂ ನಿಂತು, ಇದು ಯಾರದು, ಯಾರು ಯಾರು ಒಳಗೆ ಹೋಗಬಹುದು ಎಂದು ಬರೆದು ತೋರಿಸುತ್ತದೆ. ಅವಳು ಕುಟ್ಟಿದಳು.

ಬೇರು, ಎಲ್ಲರಿಗೂ ತೆರೆದಿದೆ. ‘ಕೆಲಸ’, ತೆರೆದಿದೆ. ‘ಅಚ್ಚು’, ಒಡೆಯರನ್ನು ಬಿಟ್ಟು ಬೇರೆ ಯಾರಿಗೂ ಪ್ರವೇಶವಿಲ್ಲ. ಅಲ್ಲಿಂದ ಮುಂದಕ್ಕೆ ಏನೂ ಕಾಣಲಿಲ್ಲ.

ಒಡೆಯರ ಹೆಸರೂ ಪಕ್ಕದಲ್ಲೇ ಇತ್ತು. ಮೇಷ್ಟ್ರು.

“ಅಲ್ಲ ಅತ್ತಿಗೆ,” ಎಂದ ಮೈದುನ, ಅವಳು ಏನೂ ಹೇಳುವ ಮೊದಲೇ. “ಆ ಫೋಲ್ಡರ್ ಮೊದಲಿಂದಲೂ ಅವರ ಹೆಸರಲ್ಲೇ ಇದೆ. ಅವರು ಹಂಗೆಲ್ಲ ಮಾಡೋರಲ್ಲ.”

ಅವನ ಮಾತು ಅವಳಿಗೂ ಸರಿಯೆನಿಸಿತು. ಮೇಷ್ಟ್ರು ಎಂದರೆ ಈ ಕಾರ್ಯಾಗಾರದ ಹಳೆಯ ಕೈ. ಕತ್ತರಿಸಿ ಉಳಿದ ಕಾಲಿನ ತುದಿ ಕೂರುವ ಬಟ್ಟಲನ್ನು ನೋವಾಗದಂತೆ ಕಡೆಯುವುದನ್ನು ಇಲ್ಲಿರುವವರಿಗೆಲ್ಲ ಕಲಿಸಿದವರು. ಆದರೆ ಆ ಬಾಗಿಲನ್ನು ಹಾಕಬಲ್ಲವರು ಇಬ್ಬರೇ. ಫೋಲ್ಡರಿನ ಒಡೆಯ ಒಬ್ಬ, ಇಡೀ ವ್ಯವಸ್ಥೆ ನೋಡಿಕೊಳ್ಳುವವನು ಇನ್ನೊಬ್ಬ. ಎರಡನೆಯವನು ಕೈಕಟ್ಟಿಕೊಂಡು ಅವಳ ಪಕ್ಕದಲ್ಲೇ ಕೂತಿದ್ದ. ಇದನ್ನೇ ತೆಗೆದುಕೊಂಡು ಹೋಗಿ ಯಜಮಾನಮ್ಮನಿಗೆ ತೋರಿಸಿದರೆ, ಅಳಿಸಿದ ಎನ್ನುವ ಬದಲು ಅಡಗಿಸಿದ ಎನ್ನುತ್ತಾಳೆ, ದೂರಿನಲ್ಲಿ ಒಂದು ಪದ ಬದಲಾಗುತ್ತದೆ. ಅದರಿಂದ ಅವನಿಗೇನೂ ಬಂದ ಹಾಗಾಗಲಿಲ್ಲ.

ಅವಳು ಎದ್ದು ಕೆಳಗಿಳಿದಳು.

ಕೆಲಸದ ಮನೆ ಸುಣ್ಣದಂಥ ಪ್ಲಾಸ್ಟರ್ ಪುಡಿಯಿಂದ ಬೆಳ್ಳಗಾಗಿತ್ತು. ಗೋಡೆಯುದ್ದಕ್ಕೂ ಕೊಕ್ಕೆಗಳಿಗೆ ಕಾಲುಗಳು ತೂಗುಬಿದ್ದಿದ್ದವು, ದೊಡ್ಡವು, ಚಿಕ್ಕವು, ಒಂದಂತೂ ಗುಲಾಬಿ ಬೂಟು ತೊಟ್ಟುಕೊಂಡಿತ್ತು. ಮೇಷ್ಟ್ರು ಕಿಟಕಿಯ ಪಕ್ಕ ಎತ್ತರದ ಮಣೆಯ ಮೇಲೆ ಕೂತು ಒಂದು ಬಟ್ಟಲಿನ ಅಂಚಿಗೆ ಅರ ಹಾಕುತ್ತಿದ್ದರು. ಹುಬ್ಬಿನ ಮೇಲೂ ಪುಡಿ. ನಾಲ್ಕು ಸಲ ಉಜ್ಜುವುದು, ಹೆಬ್ಬೆರಳಲ್ಲಿ ಸವರಿ ನೋಡುವುದು, ಮತ್ತೆ ಉಜ್ಜುವುದು.

“ಮೇಷ್ಟ್ರೇ, ನಿಮ್ಮ ಹೆಸರಲ್ಲಿರೋ ಅಚ್ಚಿನ ಫೋಲ್ಡರಿಗೆ ಬಾಗಿಲು ಹಾಕಿದೆ,” ಎಂದಳು.

“ಹಾಕಿದ್ರೆಷ್ಟು, ತೆಗೆದ್ರೆಷ್ಟು ತಾಯಿ. ಒಳಗಿರೋದೆಲ್ಲ ಹೋಯ್ತು ಅಂದ್ರಲ್ಲ.” ಅರ ನಿಲ್ಲಲಿಲ್ಲ.

“ನಿಮಗೆ ಹಾಗನಿಸಿಲ್ಲ.”

“ಯಾಕೆ?”

ಅತ್ತಿಗೆ ಒಂದು ಮಣೆ ಎಳೆದುಕೊಂಡು ಅವರ ಎದುರಿಗೇ ಕೂತಳು. ಬೆಳಿಗ್ಗೆಯಿಂದ ಈ ಮನೆಯಲ್ಲಿ ಓಡಾಡುವಾಗ ಕಣ್ಣಿಗೆ ಬಿದ್ದು, ಏನೆಂದು ಬಗೆಹರಿಯದೆ ಉಳಿದಿದ್ದ ಒಂದು ಸಂಗತಿ ಈಗ ಬಾಯಿಗೆ ಬಂತು. “ಇಲ್ಲಿರೋ ಪ್ರತಿಯೊಬ್ಬರೂ ಅವರವರ ಜನಕ್ಕೆ ಫೋನ್ ಮಾಡ್ತಿದ್ದಾರೆ. ಅಚ್ಚು ಹೋಗಿದೆ, ಬನ್ನಿ, ಮತ್ತೆ ಅಳತೆ ತಗೋಬೇಕು ಅಂತ. ನೀವು ಒಬ್ಬರಿಗೂ ಮಾಡಿಲ್ಲ. ಎಲ್ಲರಿಗಿಂತ ಹೆಚ್ಚು ಜನ ಇರೋದು ನಿಮಗೆ.”

ಅರ ನಿಂತಿತು.

ಮೇಷ್ಟ್ರು ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡರು. ಮತ್ತೆ ಅಳತೆ ತೆಗೆದುಕೊಳ್ಳುವುದೆಂದರೆ ಸುಮ್ಮನೆ ಅಲ್ಲ, ಕೆಲವರಿಗೆ ಗಾಯ ಇನ್ನೂ ಹಸಿಯಿರುತ್ತದೆ, ಮುಟ್ಟಿದರೆ ಜೀವ ಹೋಗುತ್ತದೆ ಎಂದರು. ಇರುವ ಅಚ್ಚನ್ನು ಇಟ್ಟುಕೊಂಡು ಅವರನ್ನು ಯಾಕೆ ನೋಯಿಸಲಿ ಎಂದರು. ಆಮೇಲೆ ತಾವೇನು ಹೇಳಿಬಿಟ್ಟೆ ಎಂದು ತಮಗೇ ತಿಳಿದು ಕಣ್ಣು ಮುಚ್ಚಿಕೊಂಡರು.

“ಅಂದ್ರೆ ಇದೆ,” ಎಂದಳು ಅತ್ತಿಗೆ, ಮೆಲ್ಲಗೆ.

“ಇದೆ.”

ಒಂದು ಸಲ ಕಟ್ಟೆಯೊಡೆದ ಮೇಲೆ ಎಲ್ಲವೂ ಹರಿದು ಬಂತು. ಒಡಹುಟ್ಟಿದ ಅಕ್ಕ ಮುನಿಸಿಕೊಂಡು ಹೋದ ಮೇಲೆ ಒಬ್ಬಳೇ ಕಾರ್ಯಾಗಾರ ನಡೆಸಿ ನಡೆಸಿ ಯಜಮಾನಮ್ಮನಿಗೆ ಸಾಕಾಗಿತ್ತು. ದೊಡ್ಡ ಕಂಪನಿಯೊಂದು ಎಲ್ಲವನ್ನೂ ವಹಿಸಿಕೊಳ್ಳಲು ಬಂದಿತ್ತು. ಆದರೆ ಅವರಿಗೆ ಬೇಕಿದ್ದದ್ದು ಈ ಮನೆಯೂ ಅಲ್ಲ, ಈ ಜನವೂ ಅಲ್ಲ, ಅಚ್ಚುಗಳು. ಅವನ್ನೆಲ್ಲ ಕೂಡಿಸಿ ಭಾಗಿಸಿ, ಅಂಗಡಿಯ ಚಪ್ಪಲಿಯ ಹಾಗೆ ಸಿದ್ಧ ಅಳತೆಯ ಕಾಲು ಮಾಡಿ ಮಾರುವುದು ಅವರ ಯೋಚನೆ. ಅಚ್ಚು ಕೊಟ್ಟವರನ್ನು ಒಂದು ಮಾತು ಕೇಳೋಣ ಎಂದು ಮೇಷ್ಟ್ರು ಹೇಳಿದ್ದರು. ಯಜಮಾನಮ್ಮ, ಕೇಳುತ್ತಾ ಕೂತರೆ ಮುಗಿಯುತ್ತದೆಯೇ ಎಂದಿದ್ದಳು.

“ಮನೆಯವರ ಮುಂದೆ ಕೂಡ ಬಟ್ಟೆ ಸರಿಸದೇ ಇರೋ ಹೆಣ್ಣುಮಕ್ಕಳು ನನ್ನ ಮುಂದೆ ಆ ಕಾಲು ತೋರಿಸಿದ್ದಾರೆ ತಾಯಿ. ನಂಬಿ ತೋರಿಸಿದ್ದು. ಅದನ್ನ ಅವರಿಗೇ ಹೇಳದೆ ಮಾರೋಕೆ ನನ್ನ ಕೈಲಾಗಲಿಲ್ಲ,” ಎಂದರು ಮೇಷ್ಟ್ರು.

“ಬಾಗಿಲು ಹಾಕಿದ್ದು ನೀವೇನಾ?”

“ನಂಗೆ ಆ ಪೆಟ್ಟಿಗೇಲಿ ಹೆಸರು ಹೊಡೆಯೋದು ಬಿಟ್ರೆ ಏನು ಬರುತ್ತೆ? ತಿಳಿದವನೊಬ್ಬನ ಹತ್ರ ಕಷ್ಟ ಹೇಳ್ಕೊಂಡೆ. ಅವನು ಬಂದು ನನ್ನ ಹೆಸರಲ್ಲಿ ಕೂತು ಏನೋ ಮಾಡಿದ. ಎಲ್ಲರನ್ನೂ ಕೇಳೋ ತನಕ ಸುಮ್ಮನಿರಿ ಅಂದ.”

“ಯಾರವನು?”

ಮೇಷ್ಟ್ರು ತಲೆಯಲ್ಲಾಡಿಸಿದರು. ಮಾತು ಕೊಟ್ಟಿದ್ದೇನೆ ಎಂದರು.

ಅತ್ತಿಗೆಗೆ ರೇಗಿಹೋಯಿತು. ವಯಸ್ಸಾದವರು, ಒಳ್ಳೆಯವರು ಎಂದು ಇಷ್ಟು ಹೊತ್ತು ನಾಲಿಗೆ ಬಿಗಿಹಿಡಿದಿದ್ದಳು. “ನಿಮ್ಮ ಮಾತು ಉಳಿಸೋಕೆ ನನ್ನ ಮೈದುನ ಠಾಣೆಗೆ ಹೋಗ್ಬೇಕಾ ಮೇಷ್ಟ್ರೇ? ಮೇಲೆ ಹೋಗಿ ಅವನ ಮುಖ ನೋಡಿ ಬನ್ನಿ. ನಾನು ಹೆತ್ತಿಲ್ಲ, ಆದ್ರೆ ನಾನು ಮದುವೆಯಾಗಿ ಬಂದಾಗ ಅವನು ಚಡ್ಡಿ ಹಾಕ್ತಿದ್ದ. ನಾನೇ ಸಾಕಿದ್ದು.”

ಮುದುಕರ ಕಣ್ಣಿಂದ ನೀರು ಇಳಿದು ಕೆನ್ನೆಯ ಪುಡಿಯಲ್ಲಿ ಗೆರೆ ಎಳೆಯಿತು. ಆ ಹುಡುಗನ ತಲೆಗೆ ಬರುತ್ತದೆಂದು ಇಬ್ಬರಿಗೂ ಹೊಳೆದಿರಲಿಲ್ಲ, ಬಂದ ಮೇಲೆ ಬಾಗಿಲು ಹಾಕಿದವನೂ ನಿದ್ದೆಗೆಟ್ಟಿದ್ದಾನೆ, ಇವತ್ತು ಸಂಜೆ ತಾನೇ ಬಂದು ಎಲ್ಲ ಒಪ್ಪಿಕೊಳ್ಳುತ್ತೇನೆ ಎಂದಿದ್ದಾನೆ ಎಂದರು. ಬರುತ್ತೇನೆ ಎಂದವರೆಲ್ಲ ಬಂದಿದ್ದರೆ ತನ್ನಂಥವಳಿಗೆ ಕೆಲಸವೇ ಇರುತ್ತಿರಲಿಲ್ಲ ಎಂದಳು ಅತ್ತಿಗೆ. ಹೆಸರು ಬೇಡ, ಬಾಗಿಲನ್ನಾದರೂ ತೆಗೆದುಕೊಡಿ ಎಂದಳು.

ಮೇಷ್ಟ್ರು ಕೈ ಕೊಡವಿ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಮೈದುನನ ತಲೆಯ ಮೇಲೆ ಕೈಯಿಟ್ಟರು. ಅವನ ಕೂದಲೂ ಬೆಳ್ಳಗಾಯಿತು. ಆಮೇಲೆ ಪರದೆಗೆ ಮೂಗು ತಾಗುವಷ್ಟು ಬಗ್ಗಿ ತಮ್ಮ ಹೆಸರಲ್ಲಿ ಒಳಗೆ ಹೋದರು. ಮೈದುನ ಹೇಳಿದ ಅಪ್ಪಣೆಯನ್ನು ಅತ್ತಿಗೆ ಕುಟ್ಟಿದಳು. ‘ಅಚ್ಚು’ ಎಂಬ ಫೋಲ್ಡರಿನ ಬಾಗಿಲು ಎಲ್ಲರಿಗೂ ತೆರೆಯಿತು.

“ಈಗ ಮತ್ತೆ ಅದೇ ದಾರಿ ಕೊಡಿ,” ಎಂದ ಮೈದುನ.

ಬೇರು, ತೆರೆದಿದೆ. ‘ಕೆಲಸ’, ತೆರೆದಿದೆ. ‘ಅಚ್ಚು’, ತೆರೆದಿದೆ. ‘ಎಡಗಾಲು’.

‘ಎಡಗಾಲು’ ಫೋಲ್ಡರೇ ಆಗಿರಲಿಲ್ಲ.

“ಇದು ಕೈಮರ,” ಎಂದ ಮೈದುನ. ರಸ್ತೆ ಕೂಡುವಲ್ಲಿ ನೆಟ್ಟಿರುತ್ತಾರಲ್ಲ, ಅಂಥದ್ದೇ. ಹೆಸರು ಇಲ್ಲಿದೆ, ವಸ್ತು ಬೇರೆ ಕಡೆ ಇದೆ, ಅಲ್ಲಿಗೆ ಹೋಗು ಎಂದು ದಾರಿ ತೋರಿಸುತ್ತದೆ. ಆಪರೇಟಿಂಗ್ ಸಿಸ್ಟಮ್ ತಕರಾರಿಲ್ಲದೆ ಅದು ತೋರಿಸಿದ ಕಡೆಗೆ ಹೊರಳಿ, ಬೇರಿನಿಂದ ಮತ್ತೆ ನಡೆಯಲು ಶುರುಮಾಡುತ್ತದೆ. ಬಾಗಿಲು ಹಾಕಿದ್ದಾಗ ಇದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಕೈಮರ ತೋರಿಸಿದ್ದು ಕೆಲಸಗಾರರ ಸ್ವಂತ ಫೋಲ್ಡರುಗಳಿರುವ ಕಡೆಗೆ. ಅಲ್ಲಿ ಒಬ್ಬರ ಫೋಲ್ಡರಿನೊಳಗೆ. ಅದರೊಳಗೆ ಎಲ್ಲ ಎಡಗಾಲುಗಳು, ಎಲ್ಲ ಬಲಗಾಲುಗಳು, ಕಡೆಯ ಸಾಲಿನಲ್ಲಿ ಟೀಚರ ಅಚ್ಚು. ದಾರಿ ಮುಗಿಯಿತು. ಇದೆ.

ಪ್ರೋಗ್ರಾಂನಲ್ಲಿ ಟೀಚರ ಹೆಸರು ಒತ್ತಿದಾಗ ಚೌಕ ಬರಲಿಲ್ಲ. ಪರದೆಯ ಮೇಲೆ ಬೂದು ಬಣ್ಣದ ಅಚ್ಚೊಂದು ನಿಧಾನವಾಗಿ ತಿರುಗಿತು. ಮೇಷ್ಟ್ರು ಹೆಬ್ಬೆರಳಿನಿಂದ ಗಾಜನ್ನು ಸವರಿದರು, ಇಲ್ಲೊಂದು ಮೂಳೆ ಉಬ್ಬಿದೆ, ಇಲ್ಲಿ ಸ್ವಲ್ಪ ಜಾಗ ಬಿಟ್ಟಿದ್ದೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಒಂದೂ ಹೋಗಿಲ್ಲ, ಒಂದೂ ಕೆಟ್ಟಿಲ್ಲ.

ಸಂತೋಷ ಪಡಬೇಕಾದವನು ಮೈದುನ. ಅವನು ಅಚ್ಚನ್ನು ನೋಡುತ್ತಲೇ ಇರಲಿಲ್ಲ. ಅವನ ಕಣ್ಣು ದಾರಿ ಬರೆದಿದ್ದ ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ಅತ್ತಿಗೆ ಅಲ್ಲಿಗೆ ನೋಡಿದಳು. ಅಚ್ಚುಗಳಿದ್ದ ಆ ಸ್ವಂತ ಫೋಲ್ಡರಿನ ಹೆಸರು ‘ದೊಡ್ಡಪುಟ್ಟ’.

ಇಡೀ ಲೋಕದಲ್ಲಿ ಆ ಹೆಸರಿಟ್ಟು ಕರೆಯುವವರು ಒಬ್ಬರೇ, ಅವಳ ಅತ್ತೆ. ಕಿರಿಯ ಮಗನನ್ನು ಚಿಕ್ಕಪುಟ್ಟ ಎನ್ನುತ್ತಾರೆ, ಅವನು ಇಲ್ಲಿ ಕೂತಿದ್ದಾನೆ. ಹಿರಿಯ ಮಗನನ್ನು ದೊಡ್ಡಪುಟ್ಟ ಎನ್ನುತ್ತಾರೆ. ಅವನು ಅವಳ ಗಂಡ. ಮದುವೆಗೆ ಮೊದಲು ಈ ಕಾರ್ಯಾಗಾರಕ್ಕೆ ಮೊದಲನೆಯ ಕಂಪ್ಯೂಟರ್ ತಂದು ಕೂರಿಸಿದವನು, ಈಗ ಆಸ್ಪತ್ರೆಗಳ ಯಂತ್ರ ರಿಪೇರಿ ಮಾಡುವವನು. ಅಂದು ಹುಡುಗಾಟಕ್ಕೆ ಆ ಹೆಸರಲ್ಲಿ ತೆರೆದ ಖಾತೆಯನ್ನು ಯಾರೂ ಮುಚ್ಚಿರಲಿಲ್ಲ.

ಊರವರ ಮನೆಯ ಕಳ್ಳರನ್ನೆಲ್ಲ ಹಿಡಿದವಳು, ತನ್ನ ಮಗ್ಗುಲಲ್ಲಿ ನಿದ್ದೆಗೆಟ್ಟು ಹೊರಳುತ್ತಿದ್ದವನನ್ನು ಸೆಖೆಯೇ ಎಂದು ಕೇಳಿ ಸುಮ್ಮನಾಗಿದ್ದಳು. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಸಿಟ್ಟಿನ ಅಡಿಯಲ್ಲಿ ಎಲ್ಲೋ, ಬೇಡವೆಂದರೂ, ಆ ಮನುಷ್ಯನ ಬಗ್ಗೆ ಹೆಮ್ಮೆಯೂ ಇತ್ತು.

ಅಷ್ಟರಲ್ಲಿ ಯಜಮಾನಮ್ಮ ಬಾಗಿಲಲ್ಲಿ ನಿಂತಿದ್ದಳು. ಕೆಳಗೆ ಕೆಲಸ ಬಿಟ್ಟವರ ಸದ್ದು ಕೇಳುತ್ತಿತ್ತು. ಅವಳು ಕೆಟ್ಟವಳಲ್ಲ, ದಣಿದವಳು. ಪರದೆಯಲ್ಲಿ ತಿರುಗುತ್ತಿದ್ದ ಅಚ್ಚನ್ನು ಕಂಡು ಗೋಡೆ ಹಿಡಿದು ನಿಂತುಕೊಂಡಳು. ಅತ್ತಿಗೆ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಅಳಿಸಿಲ್ಲ, ಸರಿಸಿ ಬಾಗಿಲು ಹಾಕಿದ್ದರು, ಎಲ್ಲವೂ ಇವೆ ಎಂದಳು.

“ಸಿಕ್ಕಿದ್ದು ಸಂತೋಷ. ಈ ದೊಡ್ಡಪುಟ್ಟ ಯಾರು?” ಎಂದು ಪರದೆಯ ಸಾಲು ಓದಿ ಕೇಳಿದಳು ಯಜಮಾನಮ್ಮ. “ನನ್ನ ಮನೆಗೆ ನುಗ್ಗಿ ಬಚ್ಚಿಟ್ಟವರ ಹೆಸರು ನಂಗೆ ಬೇಕು. ಇಲ್ದಿದ್ರೆ ದೂರು ನಿನ್ನ ಮೈದುನನ ಮೇಲೇ.”

ಮೇಷ್ಟ್ರು ನೆಲ ನೋಡಿದರು.

“ನಾನೇ,” ಎಂದ ಮೈದುನ. ಎದ್ದು ನಿಂತಿದ್ದ, ಕೈ ಇನ್ನೂ ಹಿಂದೆಯೇ ಇತ್ತು. “ನಾನೇ ಮಾಡಿದ್ದು. ಅತ್ತಿಗೆಗೆ ಏನೂ ಗೊತ್ತಿಲ್ಲ.”

ತೀರ್ಮಾನಕ್ಕೆ ಅತ್ತಿಗೆಗೆ ಅಷ್ಟೇ ಹೊತ್ತು ಸಾಕಾಯಿತು. ಸುಮ್ಮನಿದ್ದರೆ ಗಂಡ ಉಳಿಯುತ್ತಾನೆ, ಸಾಕಿದ ಮಗ ಹೋಗುತ್ತಾನೆ. ಬಾಯಿ ಬಿಟ್ಟರೆ ತಿರುಗುಮುರುಗು. ಇದನ್ನೆಲ್ಲ ತೂಗಿ ನೋಡುವವರು ನೋಡಲಿ. ಅವಳು ಇಪ್ಪತ್ತಾರು ವರ್ಷ ತಿಂದದ್ದು ನಿಜ ಹೇಳುವ ಕೆಲಸದ ಅನ್ನ.

“ಸುಳ್ಳು ಹೇಳ್ತಿದ್ದಾನೆ,” ಎಂದಳು. “ಇವನಿಗೆ ಅದು ಮೊದಲಿಂದಲೂ ಬರಲ್ಲ, ನೋಡಿ, ಕಿವಿ ಕೆಂಪಗಾಗಿದೆ. ದೊಡ್ಡಪುಟ್ಟ ಅಂದ್ರೆ ನಮ್ಮ ಮನೆಯವರು.”

ಮೈದುನ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡ. ಯಜಮಾನಮ್ಮ ಮೇಜಿನ ಮೇಲಿದ್ದ ಫೋನ್ ಎತ್ತಿ ಠಾಣೆಗೆ ಹಚ್ಚಿದಳು. ಆ ಕಡೆ ಗಂಟೆ ಬಾರಿಸುವುದು ಎಲ್ಲರಿಗೂ ಕೇಳುತ್ತಿತ್ತು.

“ಅಮ್ಮ, ಒಂದು ನಿಮಿಷ,” ಎಂದರು ಮೇಷ್ಟ್ರು. ಅವರು ಕಿಟಕಿಯ ಹತ್ತಿರ ಹೋಗಿದ್ದರು. “ಬರ್ತೀನಿ ಅಂದಿದ್ನಲ್ಲ, ಬಂದಿದ್ದಾನೆ. ಒಬ್ಬನೇ ಬಂದಿಲ್ಲ.”

ಅತ್ತಿಗೆ ಓಡಿ ಹೋಗಿ ನೋಡಿದಳು. ರಸ್ತೆಯ ತಿರುವಿನಲ್ಲಿ ಅವಳ ಗಂಡ, ಬೆಳಿಗ್ಗೆ ತೊಟ್ಟ ಅದೇ ಮಾಸಿದ ಅಂಗಿಯಲ್ಲಿ. ಹಿಂದೆ ಜನ, ಗಂಡಸರು, ಹೆಂಗಸರು, ರಸ್ತೆಯ ಅಗಲಕ್ಕೂ ಜನ. ಯಾರಿಗೂ ಅವಸರವಿರಲಿಲ್ಲ. ಒಬ್ಬೊಬ್ಬರದೂ ಒಂದೊಂದು ನಡಿಗೆ. ಮೇಷ್ಟ್ರು ಮುಖ ನೋಡದೆ ನಡಿಗೆಯಿಂದಲೇ ಗುರುತು ಹಿಡಿದು ಹೇಳುತ್ತಿದ್ದರು: ಅವನು ಬಸ್ಸಿನ ಕಂಡಕ್ಟರ್, ಬಲಗಾಲು ಬೀಸಿ ಹಾಕುತ್ತಾನೆ, ಅವಳು ಅಂಚೆ ಹಂಚುವವಳು, ಎಷ್ಟು ಹೇಳಿದರೂ ಕೋಲು ಬಿಡಲಿಲ್ಲ, ಅವರಿಬ್ಬರು ತಂದೆ ಮಗಳು. ಅಚ್ಚು ಕೊಟ್ಟವರೆಲ್ಲ ಬರುತ್ತಿದ್ದಾರೆ, ಅವರನ್ನು ಕೇಳಿಕೊಂಡು ಬರಲು ಇಷ್ಟು ದಿನ ಬೇಕಾಯಿತು ಎಂದರು.

ಎಲ್ಲರಿಗಿಂತ ಮುಂದೆ, ಅವಳ ಗಂಡನ ತೋಳು ಹಿಡಿದುಕೊಂಡು, ನರೆತ ಕೂದಲಿನ ಹೆಂಗಸೊಬ್ಬಳು ನೆಟ್ಟಗೆ ನಡೆದು ಬರುತ್ತಿದ್ದಳು. ಅತ್ತಿಗೆ ಅವಳನ್ನು ಎಂದೂ ನೋಡಿರಲಿಲ್ಲ.

“ಅಮ್ಮ, ಆ ನಡಿಗೆ ಗುರುತು ಸಿಕ್ತಾ? ಈ ಮನೇಲಿ ನಾವು ಮಾಡಿದ ಮೊದಲ ಕಾಲು ಅದು,” ಎಂದರು ಮೇಷ್ಟ್ರು.

ಯಜಮಾನಮ್ಮ ಫೋನ್ ಕಿವಿಗೆ ಹಿಡಿದುಕೊಂಡೇ ಕಿಟಕಿಗೆ ಬಂದಳು.

“ಅಕ್ಕ,” ಎಂದಳು. “ಅವಳು ಈ ಮನೆ ಮೆಟ್ಟಿಲು ತುಳಿಯಲ್ಲ ಅಂತ ಆಣೆ ಮಾಡಿ ಹೋದವಳು.”

ಆ ಕಡೆ ಗಂಟೆ ನಿಂತಿತು. ಯಾರೋ ಗಂಟಲು ಸರಿಮಾಡಿಕೊಂಡರು.

“ಪೊಲೀಸ್ ಠಾಣೆ. ಹೇಳಿ, ಯಾರ ಮೇಲೆ ದೂರು?”